ಹದಿನಾರು ಪಂದ್ಯದ ಪಾಸ್, ಒಂಬತ್ತು ಪಂದ್ಯದ ಸೀಟು

ಮಾನ್ಯ ಸಂಪಾದಕರೇ,

ಎಂ.ಎಸ್. ಓದಲು ಅಮೆರಿಕಕ್ಕೆ ಹೊರಡುವ ಮುಂಬಯಿ ಕನ್ನಡಿಗರ ಮಕ್ಕಳಿಗಾಗಿ ಪತ್ರಿಕೆಗಳ ಶಿಕ್ಷಣ ಪುಟಗಳಲ್ಲಿ ಪ್ರತಿ ಜೂನ್, ಜುಲೈ ತಿಂಗಳಲ್ಲಿ ಒಳ್ಳೆಯ ಮಾಹಿತಿ ಬರುತ್ತದೆ. ಬೋಧನಾ ಶುಲ್ಕ, ಮನೆ ಬಾಡಿಗೆ, ಆರೋಗ್ಯ ವಿಮೆ, ವಿಮಾನದಲ್ಲಿ ಎಷ್ಟು ಕಿಲೋ ಒಯ್ಯಬಹುದು ಎಂಬುದೆಲ್ಲ ಇರುತ್ತದೆ. ಆದರೆ ಅಲ್ಲಿ ಕಾಲಿಟ್ಟ ಎರಡು ಮೂರು ವಾರಗಳಲ್ಲೇ ಎದುರಾಗುವ ಒಂದು ಖರ್ಚು ಮಾತ್ರ ಎಲ್ಲೂ ಕಾಣುವುದಿಲ್ಲ. ಅದು ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಪಂದ್ಯಗಳಿಗೆಂದು ವಿದ್ಯಾರ್ಥಿಗಳಿಗೆ ಮಾರುವ ಸೀಸನ್ ಟಿಕೆಟ್. ಮಗನೋ ಮಗಳೋ ಆಗಸ್ಟ್ ಕೊನೆಗೆ ಫೋನ್ ಮಾಡಿ ‘ಎಲ್ಲರೂ ತಗೊಳ್ತಾ ಇದ್ದಾರೆ, ನಾನೂ ತಗೊಳ್ಲಾ?’ ಎಂದಾಗ ಡೊಂಬಿವಲಿಯಲ್ಲಿ, ಮುಲುಂಡ್‌ನಲ್ಲಿ ಕುಳಿತ ತಂದೆ ತಾಯಿಗೆ ಏನು ಹೇಳಬೇಕೆಂದು ತೋಚುವುದಿಲ್ಲ. ಆಟಕ್ಕೆ ಅಷ್ಟು ದುಡ್ಡೇ ಎಂದು ಗದರಿಸುವವರಿದ್ದಾರೆ, ಲೆಕ್ಕ ಕೇಳದೆ ಹೂಂ ಅನ್ನುವವರೂ ಇದ್ದಾರೆ. ಲೆಕ್ಕ ಹಾಕಿ ಉತ್ತರ ಹೇಳುವುದು ಸಾಧ್ಯ. ಹಾಗೆ ಹಾಕಿ ನೋಡಿದರೆ ಆ ಟಿಕೆಟ್ಟಿಗೆ ಬೆಲೆ ಕಟ್ಟುವ ಕ್ರಮದಲ್ಲೇ ಒಂದು ಅನ್ಯಾಯ ಇರುವುದು ಕಾಣುತ್ತದೆ. ಈ ಪತ್ರ ಅದರ ಬಗ್ಗೆ.

ನಮ್ಮೂರಿನಲ್ಲಿ ಕಾಲೇಜು ಪಂದ್ಯ ನೋಡಲು ಯಾರೂ ದುಡ್ಡು ಕೊಡುವುದಿಲ್ಲ. ನಾಗಪಾಡಾದ ಮಸ್ತಾನ್ ವೈ.ಎಂ.ಸಿ.ಎ. ಕೋರ್ಟಿನಲ್ಲಾಗಲಿ, ಮಾಟುಂಗಾದ ಇಂಡಿಯನ್ ಜಿಮ್ಖಾನಾದಲ್ಲಾಗಲಿ ಗೆರೆಯ ಪಕ್ಕ ನಿಂತು ಆಟ ನೋಡಿ ಬೆಳೆದ ಹುಡುಗರಿಗೆ ಕಾಲೇಜು ಪಂದ್ಯಕ್ಕೂ ಟಿಕೆಟ್ಟೇ ಎಂದು ಆಶ್ಚರ್ಯವಾಗುವುದು ಸಹಜ. 2019ರ ಅಕ್ಟೋಬರಿನಲ್ಲಿ ವರ್ಲಿಯ ಎನ್.ಎಸ್.ಸಿ.ಐ. ಡೋಮ್‌ನಲ್ಲಿ ಅಮೆರಿಕದ ವೃತ್ತಿಪರ ತಂಡಗಳಾದ ಸ್ಯಾಕ್ರಮೆಂಟೊ ಕಿಂಗ್ಸ್ ಮತ್ತು ಇಂಡಿಯಾನಾ ಪೇಸರ್ಸ್ ಆಡಿದ ಎರಡು ಪಂದ್ಯ ನೋಡಿದವರಿಗೆ ಒಳಾಂಗಣದ ಗದ್ದಲದ ಒಂದು ಅಂದಾಜು ಇದ್ದೀತು. ಅಮೆರಿಕದ ಕಾಲೇಜುಗಳಲ್ಲಿ ಅದಕ್ಕಿಂತ ದೊಡ್ಡ ಸಭಾಂಗಣಗಳಿವೆ. ಕ್ಯಾನ್ಸಸ್ ವಿಶ್ವವಿದ್ಯಾಲಯದ ಆ್ಯಲನ್ ಫೀಲ್ಡ್‌ಹೌಸ್‌ನಲ್ಲಿ 15 ಸಾವಿರಕ್ಕೂ ಹೆಚ್ಚು ಜನ, ಇಂಡಿಯಾನಾದ ಅಸೆಂಬ್ಲಿ ಹಾಲ್‌ನಲ್ಲಿ 17 ಸಾವಿರಕ್ಕೂ ಹೆಚ್ಚು, ನಾರ್ತ್ ಕ್ಯಾರೊಲಿನಾದ ಡೀನ್ ಸ್ಮಿತ್ ಸೆಂಟರ್‌ನಲ್ಲಿ 21 ಸಾವಿರಕ್ಕೂ ಹೆಚ್ಚು ಜನ ಹಿಡಿಸುತ್ತಾರೆ. ವಿದ್ಯಾರ್ಥಿಗಳ ಭಾಗ ಬಹಳ ಕಡೆ ಕೋರ್ಟಿನ ಅಂಚಿಗೇ ಇರುತ್ತದೆ. ಎರಡು ಗಂಟೆ ನಿಂತೇ ನೋಡಬೇಕು, ಕೂಗಬೇಕು. ಊರು ಹೊಸದು, ಭಾಷೆಯ ಒತ್ತು ಹೊಸದು, ಲ್ಯಾಬ್ ಬಿಟ್ಟರೆ ರೂಮು ಎಂಬಂತಿರುವ ಮಕ್ಕಳಿಗೆ ಸ್ನೇಹ ಬೆಳೆಯಲು ಇಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಆದ್ದರಿಂದ ಇದು ದುಂದು ಎಂದು ತಳ್ಳಿಹಾಕಬೇಡಿ ಎಂಬುದು ಪೋಷಕರಿಗೆ ಮೊದಲ ಮಾತು.

ಬೆಲೆಯ ವಿಷಯಕ್ಕೆ ಬಂದರೆ ಮುಂಬಯಿಯವರಿಗೆ ಸೀಸನ್ ಟಿಕೆಟ್ಟಿನ ಲೆಕ್ಕವನ್ನು ಬೇರೆಯವರು ಕಲಿಸಬೇಕಾಗಿಲ್ಲ. ಲೋಕಲ್ ರೈಲಿನ ಎರಡನೇ ದರ್ಜೆಯ ತಿಂಗಳ ಪಾಸಿನ ದರ ಸುಮಾರು 15 ಒಂಟಿ ಪ್ರಯಾಣದ ದರಕ್ಕೆ ಸಮ. ಅಂದರೆ ಎಂಟು ದಿನ ಹೋಗಿ ಬಂದರೆ ಪಾಸು ಗಿಟ್ಟಿತು, ಮಿಕ್ಕ ದಿನಗಳೆಲ್ಲ ಲಾಭ. 2014ರ ಜೂನ್‌ನಲ್ಲಿ ಅದನ್ನು 30 ಪ್ರಯಾಣಕ್ಕೆ ಏರಿಸಲು ಹೊರಟಾಗ ಊರೇ ಎದ್ದು ನಿಂತಿತು, ಕೆಲವೇ ದಿನಗಳಲ್ಲಿ ರೈಲ್ವೆ ಹಿಂದೆ ಸರಿಯಿತು. ಮೂರು ತಿಂಗಳ ಪಾಸಿಗೆ ತಿಂಗಳ ಪಾಸಿನ 2.7 ಪಟ್ಟು ದರ. ಯಾವ ಗುಣಕದಿಂದ ಈ ದರ ಬಂತು ಎಂಬುದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಬ್ಯಾಸ್ಕೆಟ್‌ಬಾಲ್ ಪಾಸಿಗೂ ಮೊದಲು ಇದೇ ಪ್ರಶ್ನೆ ಹಾಕಬೇಕು: ಪಾಸಿನ ಬೆಲೆಯನ್ನು ಒಂದು ಪಂದ್ಯದ ವಿದ್ಯಾರ್ಥಿ ಟಿಕೆಟ್ಟಿನ ಬೆಲೆಯಿಂದ ಭಾಗಿಸಿದರೆ ಎಷ್ಟು ಬರುತ್ತದೆ? ಅಷ್ಟು ಪಂದ್ಯಕ್ಕೆ ಹೋದರೆ ಗಿಟ್ಟಿತು. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ರೈಲು ದಿನವೂ ಓಡುತ್ತದೆ, ಎಷ್ಟೇ ನೂಕುನುಗ್ಗಲಿದ್ದರೂ ಪಾಸಿದ್ದವನನ್ನು ಇಳಿಸುವುದಿಲ್ಲ. ಸಭಾಂಗಣದಲ್ಲಿ ಸೀಟು ಮುಗಿದರೆ ಮುಗಿಯಿತು, ಪಂದ್ಯ ಯಾವ ದಿನ ಎಂಬುದೂ ನಿಮ್ಮ ಕೈಯಲ್ಲಿಲ್ಲ.

ಒಂದು ಮಾದರಿ ಲೆಕ್ಕ ನೋಡೋಣ. ಇದು ಯಾವುದೇ ಒಂದು ವಿಶ್ವವಿದ್ಯಾಲಯದ ದರವಲ್ಲ, ಲೆಕ್ಕ ಹಾಕುವ ದಾರಿ ತೋರಿಸಲು ಇಟ್ಟುಕೊಂಡ ಅಂಕಿ. ಪಾಸಿಗೆ 160 ಡಾಲರ್, ತವರಿನ ಪಂದ್ಯಗಳು 16, ಬಿಡಿ ಟಿಕೆಟ್ 15 ಡಾಲರ್ ಎಂದುಕೊಳ್ಳಿ. ಜಾಹೀರಾತಿನಲ್ಲಿ ‘ಪಂದ್ಯಕ್ಕೆ ಬರೀ 10 ಡಾಲರ್, 80 ಡಾಲರ್ ಉಳಿತಾಯ’ ಎಂದಿರುತ್ತದೆ. 160ನ್ನು 15ರಿಂದ ಭಾಗಿಸಿದರೆ ಹತ್ತೂ ಮುಕ್ಕಾಲರ ಹತ್ತಿರ, ಅಂದರೆ 11 ಪಂದ್ಯಕ್ಕೆ ಹೋಗಲೇಬೇಕು. ಹದಿನಾರರಲ್ಲಿ ಹನ್ನೊಂದು ಕಷ್ಟವಲ್ಲ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಈಗ ಕ್ಯಾಲೆಂಡರ್ ತೆಗೆಯಿರಿ.

ಕಾಲೇಜು ಬ್ಯಾಸ್ಕೆಟ್‌ಬಾಲ್ ಸೀಸನ್ ನವೆಂಬರ್ ಮೊದಲ ವಾರ ಶುರುವಾಗಿ ಮಾರ್ಚ್ ಮೊದಲ ಭಾಗದವರೆಗೆ ನಡೆಯುತ್ತದೆ. ನವೆಂಬರಿನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್, ಆ ವಾರ ಕ್ಯಾಂಪಸ್ ಖಾಲಿ. ಅಲ್ಲಿ ಒಂದು ಪಂದ್ಯ ಹೋಯಿತು. ಡಿಸೆಂಬರ್ ಮಧ್ಯದಲ್ಲಿ ಸೆಮಿಸ್ಟರ್ ಪರೀಕ್ಷೆ, ಅಲ್ಲೊಂದು. ಪರೀಕ್ಷೆ ಮುಗಿದಂದಿನಿಂದ ಜನವರಿ ಎರಡನೇ ವಾರದ ತನಕ ಬಹುಪಾಲು ಕಡೆ ಚಳಿಗಾಲದ ರಜೆ. ಹಲವು ಹಾಸ್ಟೆಲ್‌ಗಳು ಮುಚ್ಚುತ್ತವೆ, ನಮ್ಮ ಮಕ್ಕಳು ನ್ಯೂಜೆರ್ಸಿಯ ಮಾವನ ಮನೆಗೋ ಟೆಕ್ಸಾಸ್‌ನ ಅಕ್ಕನ ಮನೆಗೋ ಹೋಗಿರುತ್ತಾರೆ. ತಂಡ ಮಾತ್ರ ಆಡುತ್ತಲೇ ಇರುತ್ತದೆ. ಡಿಸೆಂಬರ್ ಕೊನೆಗೊಂದು, ಜನವರಿ ಮೊದಲ ವಾರಕ್ಕೊಂದು ಎಂದರೂ ಇನ್ನೆರಡು ಹೋದವು. ಉಳಿದದ್ದು 12. ಅದರಲ್ಲಿ ವಾರದ ನಡುವೆ ರಾತ್ರಿ 9 ಗಂಟೆಗೆ ಶುರುವಾಗುವ ಪಂದ್ಯಗಳಿರುತ್ತವೆ. ಟಿ.ವಿ. ವಾಹಿನಿ ಹೇಳಿದ ಹೊತ್ತಿಗೇ ಆಟ. ಮುಗಿಯುವಾಗ ಹನ್ನೊಂದು, ಕೆಲವು ಊರುಗಳಲ್ಲಿ ಆ ಹೊತ್ತಿಗೆ ಬಸ್ಸಿಲ್ಲ, ಮಾರನೆ ದಿನ ಬೆಳಿಗ್ಗೆ ಎಂಟಕ್ಕೆ ಲ್ಯಾಬು. ಎರಡು ಬಿಟ್ಟುಹೋಗುತ್ತವೆ ಅನ್ನಿ. ಒಂದು ದೊಡ್ಡ ಪಂದ್ಯಕ್ಕೆ ಸೀಟು ಸಿಗಲಿಲ್ಲ. ಕೈಯಲ್ಲಿ ಉಳಿದದ್ದು 9. ಒಂಬತ್ತು ಪಂದ್ಯವನ್ನು ಬಿಡಿ ಟಿಕೆಟ್ಟಿನಲ್ಲೇ ನೋಡಿದ್ದರೆ 135 ಡಾಲರ್. ಪಾಸು ಕೊಂಡವನಿಗೆ 80 ಡಾಲರ್ ಉಳಿತಾಯವಾಗುವ ಬದಲು 25 ಡಾಲರ್ ನಷ್ಟ.

ಇಷ್ಟಕ್ಕೇ ಪಾಸು ಬೇಡ ಎಂದು ತೀರ್ಮಾನಿಸಿದರೂ ತಪ್ಪಾಗುತ್ತದೆ. ಹದಿನಾರೂ ಪಂದ್ಯಗಳು ಒಂದೇ ತೂಕದವಲ್ಲ. ನವೆಂಬರ್, ಡಿಸೆಂಬರಿನಲ್ಲಿ ತವರಿಗೆ ಬರುವ ಎದುರಾಳಿಗಳಲ್ಲಿ ಹೆಚ್ಚಿನವು ಸಣ್ಣ ಕಾಲೇಜುಗಳು. ದೊಡ್ಡ ವಿಶ್ವವಿದ್ಯಾಲಯವೇ ಹಣ ಕೊಟ್ಟು ಅವುಗಳನ್ನು ಆಡಲು ಕರೆಸುತ್ತದೆ. ಮೂವತ್ತು ಅಂಕಗಳ ಗೆಲುವು, ಅರ್ಧ ಖಾಲಿ ಸಭಾಂಗಣ. ನಿಜವಾದ ಸೀಸನ್ ಎಂದರೆ ಕಾನ್ಫರೆನ್ಸ್ ಪಂದ್ಯಗಳು, ಅಂದರೆ ಒಂದೇ ಗುಂಪಿಗೆ ಸೇರಿದ ವಿಶ್ವವಿದ್ಯಾಲಯಗಳು ತಮ್ಮೊಳಗೆ ಆಡುವ ಪಂದ್ಯಗಳು. ದೊಡ್ಡ ಕಾನ್ಫರೆನ್ಸ್‌ಗಳಲ್ಲಿ ತಂಡಕ್ಕೆ 18ರಿಂದ 20 ಪಂದ್ಯ, ಅದರಲ್ಲಿ ಅರ್ಧ ತವರಿನಲ್ಲಿ, ಹೆಚ್ಚಿನವು ಜನವರಿ, ಫೆಬ್ರವರಿಯಲ್ಲಿ. ಅದರಲ್ಲೂ ಹಳೆಯ ಎದುರಾಳಿಯ ಮೇಲಿನ ಪಂದ್ಯ ಒಂದೋ ಎರಡೋ. ಆ ದಿನ ಹಲವು ಕಡೆ ವಿದ್ಯಾರ್ಥಿಗಳಿಗೆ ಬಿಡಿ ಟಿಕೆಟ್ ಮಾರುವುದೇ ಇಲ್ಲ. ಹೊರಗೆ ಸಾರ್ವಜನಿಕ ಟಿಕೆಟ್ ಕೊಳ್ಳಬೇಕಾಗುತ್ತದೆ. ಅದಕ್ಕೆ 90 ಡಾಲರ್ ಎಂದು ಇಟ್ಟುಕೊಂಡು, ಸೀಟು ಸಿಕ್ಕ ಮೇಲಿನ ಒಂಬತ್ತರಲ್ಲೂ ಅಂಥದೊಂದು ಇತ್ತು ಎಂದುಕೊಂಡರೆ ಲೆಕ್ಕ ಹೀಗಾಗುತ್ತದೆ: ಎಂಟು ಸಾಮಾನ್ಯ ಪಂದ್ಯಕ್ಕೆ 120, ದೊಡ್ಡದಕ್ಕೆ 90, ಒಟ್ಟು 210. ಈಗ 160ರ ಪಾಸು 50 ಡಾಲರ್ ಉಳಿಸಿತು. ಅಂದಮೇಲೆ ಹದಿನಾರು ಪಂದ್ಯದ ಪಾಸಿನ ಬೆಲೆ ನಿಂತಿರುವುದು ಆ ಒಂದೆರಡು ಪಂದ್ಯದ ಮೇಲೆ. ಮಿಕ್ಕವು ಜೊತೆಗೆ ಕಟ್ಟಿಕೊಟ್ಟವು. ಕೊಳ್ಳುವವನು ಕೇಳಬೇಕಾದ ದೊಡ್ಡ ಪ್ರಶ್ನೆಯೂ ಇಲ್ಲೇ ಇದೆ: ಆ ದೊಡ್ಡ ಪಂದ್ಯಕ್ಕೆ ಈ ಪಾಸಿನಿಂದ ಸೀಟು ಖಾತ್ರಿಯೇ?

ಹಲವು ಕಡೆ ಖಾತ್ರಿಯಿಲ್ಲ. ಪಾಸ್ ಎಂದು ಮಾರುವುದು ಸೀಟನ್ನಲ್ಲ, ಸೀಟು ಕೇಳುವ ಹಕ್ಕನ್ನು. ಪ್ರತಿ ಪಂದ್ಯಕ್ಕೂ ಕೆಲವು ದಿನ ಮುಂಚೆ ಆ್ಯಪ್‌ನಲ್ಲಿ ಒಂದು ಕಿಟಕಿ ತೆರೆಯುತ್ತದೆ, ಅಲ್ಲಿ ಟಿಕೆಟ್ಟನ್ನು ಕ್ಲೇಮ್ ಮಾಡಬೇಕು, ಅಂದರೆ ಆ ಪಂದ್ಯಕ್ಕೆ ಸೀಟು ಬೇಕೆಂದು ಕೇಳಿ ಪಡೆಯಬೇಕು. ಮೊದಲು ಬಂದವರಿಗೆ ಮೊದಲು ಎಂಬ ಕ್ರಮವಿದ್ದರೆ ದೊಡ್ಡ ಪಂದ್ಯದ ಟಿಕೆಟ್ ಕಣ್ಣು ಮಿಟುಕಿಸುವಷ್ಟರಲ್ಲಿ ಖಾಲಿ. ಲಾಟರಿಯಿದ್ದರೆ ಹೆಸರು ಬರಬೇಕು. ಹಿಂದಿನ ಪಂದ್ಯಗಳಿಗೆ ಬಂದವರಿಗೆ ಅಂಕ ಕೊಟ್ಟು, ಅಂಕ ಹೆಚ್ಚಿದ್ದವರಿಗೆ ಮೊದಲು ಸೀಟು ಕೊಡುವ ಪದ್ಧತಿ ಮೇರಿಲ್ಯಾಂಡ್‌ನಂಥ ಕಡೆ ಬಳಕೆಗೆ ಬಂದಿದೆ. ಕ್ಲೇಮ್ ಮಾಡಿ ಬಾರದಿದ್ದರೆ ಅಂಕ ಕಳೆಯುವುದು, ಎರಡು ಮೂರು ಸಲ ಹಾಗಾದರೆ ಮುಂದಿನ ಪಂದ್ಯಕ್ಕೆ ತಡೆ ಹಾಕುವುದು ಇಂಥವೂ ನಿಯಮಾವಳಿಯಲ್ಲಿರುತ್ತವೆ. ಹೊಸದಾಗಿ ಹೋದ ಮಕ್ಕಳು ಎಡವುವುದು ಇಲ್ಲೇ. ಪಾಸು ಕೊಂಡಾಯಿತು, ಗೇಟಿಗೆ ಹೋದರೆ ಸಾಕು ಎಂದುಕೊಳ್ಳುತ್ತಾರೆ, ಕ್ಲೇಮ್ ಮಾಡಿರುವುದಿಲ್ಲ, ವಾಪಸ್ ಬರುತ್ತಾರೆ. ಕಿಟಕಿ ತೆರೆಯುವ ದಿನ, ಗಂಟೆಯನ್ನು ಇಡೀ ಸೀಸನ್ನಿಗೆ ಒಂದೇ ಸಲ ಫೋನಿನ ಕ್ಯಾಲೆಂಡರಿನಲ್ಲಿ ಹಾಕಿಟ್ಟುಕೊಳ್ಳುವುದೇ ಇದಕ್ಕಿರುವ ಮದ್ದು.

ಸೀಟಿಗಿಂತ ಹೆಚ್ಚು ಪಾಸು ಮಾರುವ ಅಭ್ಯಾಸ ಹೇಗೆ ತಿರುಗುಬಾಣವಾಗುತ್ತದೆ ಎಂಬುದಕ್ಕೆ ಮಿಷಿಗನ್ ವಿಶ್ವವಿದ್ಯಾಲಯದ ಉದಾಹರಣೆಯಿದೆ. 2013ರ ಏಪ್ರಿಲ್‌ನಲ್ಲಿ ಅವರ ತಂಡ ರಾಷ್ಟ್ರೀಯ ಫೈನಲ್ ತನಕ ಹೋಗಿ ಲೂಯಿವಿಲ್ ಎದುರು ಸೋತಿತು. ಮುಂದಿನ ಸೀಸನ್ನಿಗೆ ವಿದ್ಯಾರ್ಥಿಗಳು ಮುಗಿಬಿದ್ದರು, ವಿದ್ಯಾರ್ಥಿಗಳಿಗೆಂದು ಇದ್ದ ಸೀಟುಗಳಿಗಿಂತ ಹೆಚ್ಚು ಪಾಸುಗಳು ಮಾರಾಟವಾದವು. ಪ್ರತಿ ಪಂದ್ಯಕ್ಕೂ ಕ್ಲೇಮ್ ಮಾಡಬೇಕು ಎಂಬ ನಿಯಮವನ್ನು ಆಮೇಲೆ ತಂದರು. ದುಡ್ಡು ಕೊಡುವಾಗ ಇಲ್ಲದ ಷರತ್ತು ದುಡ್ಡು ಕೊಟ್ಟ ಮೇಲೆ ಬಂದರೆ ವಿದ್ಯಾರ್ಥಿ ಸಂಘ ಸುಮ್ಮನಿರುತ್ತದೆಯೇ? ದೊಡ್ಡ ತಕರಾರೇ ಆಯಿತು. ವಿಮಾನ ಕಂಪನಿಗಳ ಹಾಗೆ ಒಂದಿಷ್ಟು ಜನ ಬರುವುದಿಲ್ಲ ಎಂಬ ಅಂದಾಜಿನ ಮೇಲೆ ಹೆಚ್ಚು ಮಾರುವುದು ಲೆಕ್ಕಕ್ಕೆ ಸರಿಯೇ. ಆದರೆ ಬಾರದವರ ಪ್ರಮಾಣ ಸಣ್ಣ ಪಂದ್ಯಕ್ಕೆ ಬೇರೆ, ದೊಡ್ಡ ಪಂದ್ಯಕ್ಕೆ ಬೇರೆ. ಸರಾಸರಿ ಹಿಡಿದು ಮಾರಿದರೆ ಸಣ್ಣ ಪಂದ್ಯಕ್ಕೆ ಸೀಟು ಖಾಲಿ ಉಳಿಯುತ್ತದೆ, ದೊಡ್ಡ ಪಂದ್ಯಕ್ಕೆ ನೂರಾರು ಜನ ಹೊರಗುಳಿಯುತ್ತಾರೆ. ಪಾಸು ಕೊಂಡವನಿಗೆ ಬೇಕಾದದ್ದು ಆ ದೊಡ್ಡ ಪಂದ್ಯವೇ ಆದ್ದರಿಂದ ಪೆಟ್ಟು ಅವನಿಗೇ ಬೀಳುತ್ತದೆ.

ಇನ್ನು ಎರಡು ಸಲ ದುಡ್ಡು ಕೊಡುವ ವಿಷಯ. ಕೊಳ್ಳುವ ಮುಂಚೆ ಶುಲ್ಕದ ಬಿಲ್ಲನ್ನು ಒಂದೊಂದು ಸಾಲಾಗಿ ಓದಬೇಕು. ಕ್ರೀಡಾ ಶುಲ್ಕ ಎಂಬ ಹೆಸರಿನಲ್ಲಿ ಪಂದ್ಯದ ಪ್ರವೇಶ ಅದರಲ್ಲೇ ಸೇರಿರಬಹುದು. ನಮ್ಮ ಮಕ್ಕಳು ಬಹಳವಾಗಿ ಹೋಗುವ ಅರಿಜೋನಾ ಸ್ಟೇಟ್ 2014ರಲ್ಲಿ ಸೆಮಿಸ್ಟರಿಗೆ 75 ಡಾಲರ್ ಕ್ರೀಡಾ ಶುಲ್ಕ ಹಾಕಿ, ಪಂದ್ಯಗಳಿಗೆ ವಿದ್ಯಾರ್ಥಿಗಳಿಂದ ಬೇರೆ ಹಣ ತೆಗೆದುಕೊಳ್ಳುವುದನ್ನು ಬಿಟ್ಟಿತು. ನಾರ್ತ್ ಕ್ಯಾರೊಲಿನಾದಲ್ಲಿ ಶುಲ್ಕ ಕಟ್ಟಿದ ವಿದ್ಯಾರ್ಥಿಗಳಿಗೆ ಟಿಕೆಟ್ ಲಾಟರಿಯ ಮೂಲಕ ಹಂಚಿಕೆ. ಡ್ಯೂಕ್ ವಿಶ್ವವಿದ್ಯಾಲಯದ ಕ್ಯಾಮರನ್ ಒಳಾಂಗಣ ಬರೀ 9,314 ಜನ ಹಿಡಿಸುವ ಹಳೆಯ ಕಟ್ಟಡ. ಅಲ್ಲಿ ಪದವಿ ವಿದ್ಯಾರ್ಥಿಗಳಿಗೆ ಪ್ರವೇಶ ಉಚಿತ, ಆದರೆ ನಾರ್ತ್ ಕ್ಯಾರೊಲಿನಾ ಎದುರಿನ ಪಂದ್ಯಕ್ಕೆ ಹನ್ನೆರಡು ಹನ್ನೆರಡು ಜನರ ಗುಂಪಾಗಿ ವಾರಗಟ್ಟಲೆ ಟೆಂಟಿನಲ್ಲಿ ಸರದಿ ಕಾಯುತ್ತಾರೆ. ನಮ್ಮವರು ಗಮನಿಸಬೇಕಾದದ್ದು ಇಲ್ಲೊಂದಿದೆ. ಎಂ.ಎಸ್., ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಡ್ಯೂಕ್‌ನಲ್ಲಿ ಬೇರೆಯದೇ ನಿಯಮ. ಸೆಪ್ಟೆಂಬರ್ ಹೊತ್ತಿಗೆ ಒಂದು ವಾರಾಂತ್ಯ ಕ್ಯಾಂಪಸ್ಸಿನಲ್ಲೇ ಬೀಡು ಬಿಡಬೇಕು, ಹೊತ್ತಲ್ಲದ ಹೊತ್ತಿನಲ್ಲಿ ನಡೆಯುವ ಹಾಜರಿಗೆ ಓಗೊಡಬೇಕು, ಕೊನೆಯ ತನಕ ಉಳಿದವರಲ್ಲಿ ಲಾಟರಿ ಎತ್ತಿ, ಗೆದ್ದವರಿಗೆ ಸೀಸನ್ ಟಿಕೆಟ್ ಕೊಳ್ಳುವ ಅವಕಾಶ. ಆದ್ದರಿಂದ ಸೀನಿಯರ್ ಒಬ್ಬರು ‘ನಮ್ಮಲ್ಲಿ ಫ್ರೀ’ ಎಂದರೆ, ಯಾರಿಗೆ ಫ್ರೀ ಎಂದು ಕೇಳಿಕೊಳ್ಳಬೇಕು.

ಮಹಿಳಾ ತಂಡದ ಪಂದ್ಯಗಳನ್ನು ನಮ್ಮವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಷ್ಟೋ ಕಡೆ ಐಡಿ ಕಾರ್ಡ್ ತೋರಿಸಿದರೆ ವಿದ್ಯಾರ್ಥಿಗಳಿಗೆ ಉಚಿತ ಪ್ರವೇಶ, ಆಟವೂ ಚೆನ್ನಾಗಿರುತ್ತದೆ. ಐಯೊವಾ ವಿಶ್ವವಿದ್ಯಾಲಯದಲ್ಲಿ ಹೆಸರಾಂತ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್ ಆಡುತ್ತಿದ್ದ 2023–24ರಲ್ಲಿ ಸುಮಾರು 15 ಸಾವಿರ ಜನ ಹಿಡಿಸುವ ಕಾರ್ವರ್-ಹಾಕಾಯ್ ಸಭಾಂಗಣದ ಮಹಿಳಾ ಸೀಸನ್ ಟಿಕೆಟ್‌ಗಳು ಪಂದ್ಯ ಶುರುವಾಗುವ ಮೊದಲೇ ಪೂರ್ತಿ ಮಾರಾಟವಾದವು. ಉಚಿತ ಪ್ರವೇಶ ಇರುವ ಕಡೆ, ಮೊದಲ ವರ್ಷ ಅಭಿರುಚಿ ನೋಡಿಕೊಳ್ಳಲು ಮಹಿಳಾ ಪಂದ್ಯಗಳಿಗಿಂತ ಅಗ್ಗದ ದಾರಿಯಿಲ್ಲ.

ಈಗ ವಿಶ್ವವಿದ್ಯಾಲಯಗಳ ಕಡೆಯ ಮಾತು. ಅವರಿಗೂ ಕಷ್ಟವಿದೆ, ಅದನ್ನು ಅಲ್ಲಗಳೆಯಲಾಗದು. ಟಿಕೆಟ್ ಪೂರ್ತಿ ಉಚಿತ ಮಾಡಿದರೆ ಹೆಸರು ಬರೆಸಿದವರೆಲ್ಲ ಬರುವುದಿಲ್ಲ, ಕೋರ್ಟಿನ ಅಂಚಿನ ಸಾಲುಗಳೇ ಖಾಲಿ ಬಿದ್ದು ಟಿ.ವಿ.ಯಲ್ಲಿ ಎದ್ದು ಕಾಣುತ್ತವೆ. ಬೆಲೆ ಏರಿಸಿದರೆ ಉಳ್ಳವರ ಮಕ್ಕಳಷ್ಟೇ ಬರುತ್ತಾರೆ. ಅದೇ ಸಾಲನ್ನು ದೇಣಿಗೆದಾರರಿಗೆ ಮಾರಿದರೆ ಹತ್ತು ಪಟ್ಟು ಹಣ ಬರುತ್ತದೆ, ಆದರೆ ಅವರು ಎದ್ದು ನಿಂತು ಕೂಗುವುದಿಲ್ಲ, ತವರಿನ ಬಲವೇ ಹೋಗುತ್ತದೆ. ಇದರ ಮೇಲೆ 2025ರ ಜೂನ್‌ನಲ್ಲಿ ಅಮೆರಿಕದ ನ್ಯಾಯಾಲಯ ಒಪ್ಪಿದ ‘ಹೌಸ್’ ಪ್ರಕರಣದ ರಾಜಿಯಿಂದಾಗಿ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದಾಗಿದೆ. ಮೊದಲ ವರ್ಷದ ಮಿತಿಯೇ ಒಂದೊಂದು ವಿಶ್ವವಿದ್ಯಾಲಯಕ್ಕೆ ಸುಮಾರು 2 ಕೋಟಿ 5 ಲಕ್ಷ ಡಾಲರ್. ಆ ಹಣ ಎಲ್ಲಿಂದಲಾದರೂ ಬರಬೇಕು. ಟೆನೆಸಿ ವಿಶ್ವವಿದ್ಯಾಲಯ ಈ ಬದಲಾವಣೆಯನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು ತನ್ನ ಫುಟ್‌ಬಾಲ್ ಸೀಸನ್ ಟಿಕೆಟ್ಟಿನ ಮೇಲೆ ಶೇ. 10ರ ಪ್ರತಿಭಾ ಶುಲ್ಕ ಘೋಷಿಸಿತು. ಕ್ರೀಡಾ ಶುಲ್ಕ, ಪಾಸಿನ ದರ ಎರಡರ ಮೇಲೂ ಮುಂದೆ ಒತ್ತಡ ಬೀಳುವುದು ನಿಶ್ಚಿತ. ನಮ್ಮ ಮಕ್ಕಳು ಹೊರಟಿರುವುದು ಇಂಥ ಹೊತ್ತಿನಲ್ಲಿ.

ಕಷ್ಟವಿದೆ ಎಂದಮಾತ್ರಕ್ಕೆ ಕಾಣದ ಹಾಗೆ ದರ ಕಟ್ಟುವುದು ಒಪ್ಪತಕ್ಕದ್ದಲ್ಲ. ವಿದ್ಯಾರ್ಥಿ ಪಾಸಿನ ಬೆಲೆಯನ್ನು ಸೆಮಿಸ್ಟರ್ ನಡೆಯುತ್ತಿರುವ ದಿನಗಳ ಪಂದ್ಯಗಳ ಮೇಲೆ ಕಟ್ಟಬೇಕು. ರಜೆಯ ಪಂದ್ಯಗಳನ್ನು ಪಾಸಿನಲ್ಲಿ ಸೇರಿಸಿ ಕೊಡಲಿ, ಬೆಲೆಯಲ್ಲಿ ಸೇರಿಸಬಾರದು. ಮೇಲಿನ ಮಾದರಿಯಲ್ಲಿ ಹಾಗೆ ಮಾಡಿದರೆ ಥ್ಯಾಂಕ್ಸ್‌ಗಿವಿಂಗ್ ಮತ್ತು ಚಳಿಗಾಲದ ರಜೆಯ ಮೂರು ಪಂದ್ಯ ಕಳೆದು ಹದಿಮೂರಕ್ಕೆ ಹತ್ತು ಹತ್ತು ಡಾಲರಿನಂತೆ 130 ಆಗುತ್ತದೆ, ಒಂಬತ್ತು ಪಂದ್ಯಕ್ಕೆ ಹೋದವನಿಗೂ ನಷ್ಟವಿಲ್ಲ. ಎರಡನೆಯದು, ಜನವರಿಯಿಂದ ಶುರುವಾಗುವ ಅರ್ಧ ಸೀಸನ್ನಿನ ಪಾಸು ಎಲ್ಲ ಕಡೆಯೂ ಸಿಗಬೇಕು. ಆಗಸ್ಟಿನಲ್ಲಿ ಬಂದಿಳಿದ ವಿದ್ಯಾರ್ಥಿಗೆ ತನ್ನ ಓದಿನ ಭಾರ ಎಷ್ಟು, ಕ್ಯಾಂಪಸ್ ಕೆಲಸದ ಪಾಳಿ ಯಾವಾಗ ಎಂಬುದೇ ಗೊತ್ತಿರುವುದಿಲ್ಲ. ಎಷ್ಟೋ ಸಲ ಪಂದ್ಯಗಳ ಪೂರ್ತಿ ವೇಳಾಪಟ್ಟಿ ಬರುವುದಕ್ಕೆ ಮೊದಲೇ ಪಾಸಿನ ಕೊನೆಯ ದಿನಾಂಕ ಮುಗಿದಿರುತ್ತದೆ, ಅಂಥ ಹೊತ್ತಿನಲ್ಲಿ ಯಾರು ತಾನೇ ಲೆಕ್ಕ ಹಾಕಿಯಾರು? ಜನವರಿ ಸೇರ್ಪಡೆಯಲ್ಲಿ ಬರುವವರೂ ಇದ್ದಾರೆ. ಮೂರನೆಯದು, ಎಷ್ಟು ಸೀಟಿಗೆ ಎಷ್ಟು ಪಾಸು ಮಾರಿದ್ದೇವೆ ಎಂಬುದನ್ನು ಮಾರುವ ಪುಟದಲ್ಲೇ ಬರೆಯಲಿ, ಮತ್ತು ಕಿಟಕಿ ತೆರೆದಾಗಲೇ ಕ್ಲೇಮ್ ಮಾಡಿಯೂ ಸೀಟು ಸಿಗದವನಿಗೆ ಆ ಪಂದ್ಯದ ಹಣ ಖಾತೆಗೆ ವಾಪಸ್ ಹಾಕಲಿ. ಬಾರದೆ ಇದ್ದವನಿಗೆ ದಂಡ ಹಾಕಲು ಲೆಕ್ಕ ಇಡುವ ಆ್ಯಪ್, ಒಳಗೆ ಬಿಡಲಾಗದವನ ಲೆಕ್ಕವನ್ನೂ ಇಡಬಲ್ಲದು.

ಅಲ್ಲಿಯ ವಿದ್ಯಾರ್ಥಿ ಸಂಘಗಳಲ್ಲಿ ಈಗ ಭಾರತೀಯ ಮಕ್ಕಳು ಸಾಕಷ್ಟಿದ್ದಾರೆ. ಪಾಸಿನ ದರ ನಿಗದಿಯಾಗುವ ಮುಂಚೆ ಕ್ರೀಡಾ ವಿಭಾಗ ವಿದ್ಯಾರ್ಥಿ ಪ್ರತಿನಿಧಿಗಳ ಅಭಿಪ್ರಾಯ ಕೇಳುವ ಕಡೆ ಈ ಮೂರೂ ಮಾತನ್ನು ಎತ್ತಬಹುದು. ರಜೆಗೆ ಊರಿಗೆ ಹೋಗಲಾಗದೆ ಕ್ಯಾಂಪಸ್ಸಿನಲ್ಲೇ ಉಳಿಯುವ ವಿದೇಶಿ ವಿದ್ಯಾರ್ಥಿಗಳಿಗೆ ಡಿಸೆಂಬರ್ ಪಂದ್ಯಗಳ ಖಾಲಿ ಸೀಟು ಕೊಡಿ ಎಂದೂ ಕೇಳಬಹುದು. ವಿಶ್ವವಿದ್ಯಾಲಯಕ್ಕೆ ಇದರಿಂದ ಒಂದು ಡಾಲರೂ ನಷ್ಟವಿಲ್ಲ.

ಕೊಳ್ಳುವಾಗ, ಬಳಸುವಾಗ ಆಗುವ ಎಡವಟ್ಟುಗಳನ್ನೂ ಹೇಳಿಬಿಡಬೇಕು. ಪಾಸಿನ ಹಣವನ್ನು ವಿದ್ಯಾರ್ಥಿ ಖಾತೆಗೆ ಹಾಕುವ ಆಯ್ಕೆ ಇರುತ್ತದೆ. ಆಗ ಅದು ಬೋಧನಾ ಶುಲ್ಕದ ಬಿಲ್ಲಿನಲ್ಲಿ ಬೆರೆತುಹೋಗುತ್ತದೆ. ಕಟ್ಟದೆ ಉಳಿದರೆ ಮುಂದಿನ ಸೆಮಿಸ್ಟರಿನ ಕೋರ್ಸ್ ನೋಂದಣಿಗೇ ತಡೆ ಬೀಳಬಹುದು, ಬ್ಯಾಂಕ್ ಸಾಲದಲ್ಲಿ ಓದುವವರಿಗೆ ಬಿಲ್ಲು ತೋರಿಸುವಾಗಲೂ ಕಿರಿಕಿರಿ. ಆದ್ದರಿಂದ ಪಾಸಿನ ಹಣವನ್ನು ಪ್ರತ್ಯೇಕವಾಗಿಯೇ ಕೊಡುವುದು ಮೇಲು. ಕೊಡುವಾಗ ಅಪ್ಪನ ಭಾರತದ ಕ್ರೆಡಿಟ್ ಕಾರ್ಡ್ ಬೇಡ. ವಿದೇಶಿ ವಿನಿಮಯದ ಮಾರ್ಕಪ್ ಎಂದು ಅನೇಕ ಕಾರ್ಡ್‌ಗಳು ಶೇ. 3.5ರವರೆಗೆ ಹಿಡಿಯುತ್ತವೆ, ಆ ಮಾರ್ಕಪ್ ಮೇಲೆ ಶೇ. 18 ಜಿ.ಎಸ್.ಟಿ. ಬೇರೆ. ಅಲ್ಲಿನ ಬ್ಯಾಂಕಿನ ಡೆಬಿಟ್ ಕಾರ್ಡ್ ಸಾಕು. ಬಿಡಿ ಟಿಕೆಟ್ಟಿನ ಬೆಲೆ ಹೋಲಿಸುವಾಗ ಎಲ್ಲ ಶುಲ್ಕ ಸೇರಿದ ಬೆಲೆಯನ್ನೇ ಹೋಲಿಸಬೇಕು. 2025ರ ಮೇ 12ರಿಂದ ಟಿಕೆಟ್ ಮಾರುವವರು ಒಟ್ಟು ಬೆಲೆಯನ್ನು ಮೊದಲೇ ತೋರಿಸಬೇಕೆಂದು ಅಲ್ಲಿ ಕೇಂದ್ರದ ನಿಯಮ ಬಂದಿದೆ, ಹೋಲಿಕೆ ಈಗ ಸುಲಭ.

ವಾಟ್ಸ್ಆ್ಯಪ್ ಗುಂಪುಗಳಲ್ಲಿ ‘ಇವತ್ತಿನ ಟಿಕೆಟ್ ಇದೆ, ಬೇಕಾ?’ ಎಂದು ಬರುವ ಸ್ಕ್ರೀನ್‌ಶಾಟ್ ನಂಬಿ ಹಣ ಕಳಿಸಬಾರದು. ಈಗಿನ ಹಲವು ಮೊಬೈಲ್ ಟಿಕೆಟ್‌ಗಳಲ್ಲಿ ಬಾರ್‌ಕೋಡ್ ಕೆಲವು ಸೆಕೆಂಡಿಗೊಮ್ಮೆ ಬದಲಾಗುತ್ತಿರುತ್ತದೆ, ಗೇಟಿನಲ್ಲಿ ಚಿತ್ರ ನಡೆಯುವುದಿಲ್ಲ. ಆ್ಯಪ್‌ನ ಒಳಗಿನಿಂದಲೇ ವರ್ಗಾಯಿಸಿದ ಟಿಕೆಟ್ ತನ್ನ ಖಾತೆಯಲ್ಲಿ ಕಂಡ ಮೇಲೆ ಹಣ. ವರ್ಗಾವಣೆಯೂ ಸಾಮಾನ್ಯವಾಗಿ ಅದೇ ವಿಶ್ವವಿದ್ಯಾಲಯದ ಇನ್ನೊಬ್ಬ ವಿದ್ಯಾರ್ಥಿಗೆ ಮಾತ್ರ. ವಿದ್ಯಾರ್ಥಿಗಳ ಎಫ್-1 ವೀಸಾದಲ್ಲಿರುವವರು ಹೋಗಲಾಗದ ಪಂದ್ಯವನ್ನು ಕೊಟ್ಟ ಬೆಲೆಗೆ ಗೆಳೆಯರಿಗೆ ದಾಟಿಸಬಹುದು, ಲಾಭಕ್ಕೆ ಮಾರುವುದನ್ನು ಕಸುಬು ಮಾಡಿಕೊಳ್ಳಬಾರದು. ಹಾಗೆ ಮಾರಿ ಸಿಕ್ಕಿಬಿದ್ದರೆ ಹೋಗುವುದು ಪಾಸಿನ ಹಣ ಮಾತ್ರವಲ್ಲ, ವೀಸಾಕ್ಕೂ ತೊಂದರೆಯಾದೀತು. ಇನ್ನೊಂದು ಸಣ್ಣ ವಿಷಯಕ್ಕೆ ಪ್ರತಿ ವರ್ಷ ಮಕ್ಕಳು ಬಾಗಿಲಿನಿಂದ ಹಿಂದಿರುಗುತ್ತಾರೆ: ಬೆನ್ನಿನ ಬ್ಯಾಗ್. ಹಲವು ಸಭಾಂಗಣಗಳಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಚೀಲ ಬಿಟ್ಟು ಬೇರೆ ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ, ಇಡಲು ಜಾಗವೂ ಇರುವುದಿಲ್ಲ. ಲೈಬ್ರರಿಯಿಂದ ಲ್ಯಾಪ್‌ಟಾಪ್ ಹೊತ್ತು ನೇರವಾಗಿ ಬಂದವನು ರೂಮಿಗೆ ಹೋಗಿ ಬರುವಷ್ಟರಲ್ಲಿ ಸಾಲು ಮುಗಿದಿರುತ್ತದೆ.

ಮಾರ್ಚ್‌ನ ರಾಷ್ಟ್ರೀಯ ಟೂರ್ನಿ ಈ ಪಾಸಿನಲ್ಲಿ ಬರುವುದಿಲ್ಲ, ಕಾನ್ಫರೆನ್ಸ್ ಟೂರ್ನಿಯೂ ಇಲ್ಲ. ಎರಡಕ್ಕೂ ಸಾಮಾನ್ಯವಾಗಿ ಬೇರೆ ಊರು, ಬೇರೆ ಟಿಕೆಟ್.

ಮಕ್ಕಳನ್ನು ನೋಡಲು ಡಿಸೆಂಬರಿನಲ್ಲಿ ಹೋಗುವ ತಂದೆ ತಾಯಿ, ಅಜ್ಜ ಅಜ್ಜಿ ನಮ್ಮಲ್ಲಿ ಬಹಳ. ಮಗನ ಪಾಸಿನಲ್ಲಿ ಅವರು ಒಳಗೆ ಹೋಗಲಾಗದು, ಗೇಟಿನಲ್ಲಿ ಐಡಿ ಕೇಳುತ್ತಾರೆ. ಆದರೆ ವಿದ್ಯಾರ್ಥಿಗಳಿಲ್ಲದ ಆ ವಾರಗಳಲ್ಲಿ ಸಣ್ಣ ಎದುರಾಳಿಯ ಪಂದ್ಯಕ್ಕೆ ಸಾರ್ವಜನಿಕ ಟಿಕೆಟ್ ಅಗ್ಗದಲ್ಲೇ ಸಿಗುತ್ತದೆ, ವಿದ್ಯಾರ್ಥಿಗಳ ಭಾಗವನ್ನೇ ಸಾರ್ವಜನಿಕರಿಗೆ ತೆರೆಯುವ ಕಡೆಗಳೂ ಇವೆ. ಜನವರಿಯ ದೊಡ್ಡ ಪಂದ್ಯಕ್ಕೆ ನೂರು ಡಾಲರ್ ಕೊಡುವುದಕ್ಕಿಂತ, ಕುಟುಂಬದೊಡನೆ ಕುಳಿತು ನೋಡಲು ಅದೇ ಒಳ್ಳೆಯ ಹೊತ್ತು.

ಸಂಪಾದಕರಲ್ಲಿ ವಿನಂತಿ ಇಷ್ಟು. ಮುಂದಿನ ಜೂನ್‌ನ ಶಿಕ್ಷಣ ಪುಟದಲ್ಲಿ ಖರ್ಚಿನ ಪಟ್ಟಿ ಹಾಕುವಾಗ ಈ ಪಾಸಿಗೂ ಒಂದು ಸಾಲು ಕೊಡಿ. ನಮ್ಮ ಮಕ್ಕಳು ಹೆಚ್ಚಾಗಿ ಹೋಗುವ ಹತ್ತು ಹದಿನೈದು ವಿಶ್ವವಿದ್ಯಾಲಯಗಳಲ್ಲಿ ಪ್ರವೇಶ ಶುಲ್ಕದಲ್ಲೇ ಸೇರಿದೆಯೇ, ಪಾಸಿನ ಬೆಲೆ ಮತ್ತು ಕೊನೆಯ ದಿನಾಂಕ ಏನು, ಕ್ಲೇಮ್ ಪದ್ಧತಿ ಇದೆಯೇ, ಎಂ.ಎಸ್. ವಿದ್ಯಾರ್ಥಿಗಳಿಗೆ ನಿಯಮ ಬೇರೆಯೇ, ಜನವರಿಯ ಅರ್ಧ ಪಾಸು ಇದೆಯೇ ಎಂಬ ಐದು ಕಾಲಮ್ ಸಾಕು. ಈಗ ಅಲ್ಲೇ ಓದುತ್ತಿರುವ ಮುಂಬಯಿ, ಪುಣೆಯ ಕನ್ನಡ ವಿದ್ಯಾರ್ಥಿಗಳನ್ನು ಕೇಳಿದರೆ ಒಂದು ವಾರದಲ್ಲಿ ಮಾಹಿತಿ ಸಿಗುತ್ತದೆ. ದರಗಳು ಪ್ರತಿ ವರ್ಷ ಬದಲಾಗುವುದರಿಂದ ಆಗಸ್ಟ್ ಮೊದಲ ವಾರ ಇನ್ನೊಮ್ಮೆ ಸರಿಪಡಿಸಿ ಹಾಕಿದರೆ ಬಹಳ ಮನೆಗಳಿಗೆ ಉಪಕಾರವಾಗುತ್ತದೆ.

ಇತಿ,
ಓದುಗರು
ಮಾಟುಂಗಾ ಪೂರ್ವ, ಮುಂಬಯಿ